ಪಾಂಡಿಯಮ್ಮಾಳ್ ಮೂಗಿನ ಕೆಂಪು

ಓಡೈಪಟ್ಟಿಯಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನಲವತ್ತು ವರ್ಷ ಕತ್ತೆತ್ತಿ ಕೆಲಸ ಮಾಡಿದ ಹೆಂಗಸರನ್ನು ದೂರದಿಂದಲೇ ಗುರುತಿಸಬಹುದು. ಬೀದಿಯಲ್ಲಿ ನಡೆಯುವಾಗಲೂ ಅವರ ಗದ್ದ ಕೊಂಚ ಮೇಲಕ್ಕೇ ಇರುತ್ತದೆ, ತಲೆಯ ಮೇಲೆ ಇನ್ನೂ ಎಲೆಗಳಿವೆ ಅನ್ನುವ ಹಾಗೆ. ಗೊತ್ತಿಲ್ಲದವರಿಗೆ ಜಂಬದ ಹೆಂಗಸು ಅನ್ನಿಸಬೇಕು. ಪಾಂಡಿಯಮ್ಮಾಳ್ ವಿಷಯದಲ್ಲಿ ಆ ತಪ್ಪು ಬೇಗ ತಿಳಿದುಬಿಡುತ್ತಿತ್ತು. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಆಗ್ಲಿ."

ಐದನೇ ಕ್ಲಾಸಿಗೆ ಶಾಲೆ ಬಿಡು ಅಂದಾಗ ಆಗ್ಲಿ ಅಂದಿದ್ದಳು. ಹದಿನೆಂಟಕ್ಕೆ ಸೋದರಮಾವನ ಮಗ ಪಿಚ್ಚೈಗೆ ಕೊಡುತ್ತೇವೆ ಅಂದಾಗ ಆಗ್ಲಿ. ಮಗಳು ಕಲೈಸೆಲ್ವಿಯನ್ನು ಆರನೇ ಕ್ಲಾಸಿಗೇ ದಿಂಡಿಗಲ್ಲಿನ ಹಾಸ್ಟೆಲಿಗೆ ಸೇರಿಸೋಣ ಎಂದು ಗಂಡ ಹೇಳಿದಾಗಲೂ ಆಗ್ಲಿ. ಅದೇನೂ ಸೋತವಳ ಮಾತಾಗಿರಲಿಲ್ಲ. ಗೊಂಚಲಿನಲ್ಲಿ ಕಾಯಿ ಒತ್ತಾಗಿ ಕೂತರೆ ಒಂದೂ ಸರಿಯಾಗಿ ತುಂಬುವುದಿಲ್ಲ. ನಡುನಡುವೆ ಕತ್ತರಿಸಿ ಉಳಿದವಕ್ಕೆ ಜಾಗ ಮಾಡಿಕೊಡಬೇಕು. ಯಾವುದು ಇರಲಿ, ಯಾವುದು ಬೀಳಲಿ ಎಂದು ದಿನಕ್ಕೆ ಸಾವಿರ ಸಲ ಕತ್ತರಿಯ ತುದಿಯಲ್ಲಿ ತೀರ್ಮಾನ ಮಾಡುವವಳಿಗೆ, ಮನೆಗೆ ಬಂದ ಮೇಲೆ ಇನ್ನೊಂದು ತೀರ್ಮಾನ ಮಾಡುವ ಹುಮ್ಮಸ್ಸು ಉಳಿಯುತ್ತಿರಲಿಲ್ಲ, ಅಷ್ಟೇ.

ಅವಳ ಬಾಳಿನಲ್ಲಿ ಯಾರೂ ಕೇಳದೇ ಇದ್ದದ್ದು ಅಂದರೆ ಬಲಮೂಗಿನ ಮೂಗುತಿಯ ಗುಲಾಬಿ ಕಲ್ಲು ಒಂದೇ. ಈಗ ಅದನ್ನೂ ಕೇಳಿದರು.

ಆ ಕಲ್ಲು ಬಂದದ್ದು ಮದುವೆಯಾದ ಎರಡನೇ ವರ್ಷ. ಪಿಚ್ಚೈ ಪಳನಿಗೆ ನಡೆದುಕೊಂಡು ಹೋಗಿದ್ದ. ಎಲ್ಲರೂ ಪಂಚಾಮೃತದ ಡಬ್ಬಿ ತಂದರೆ ಇವನು ಅಂಗಿಯ ಒಳಜೇಬಿನಿಂದ ವಿಭೂತಿಯ ಪೊಟ್ಟಣ ತೆಗೆದು ಅವಳ ಅಂಗೈಗೆ ಸುರಿದ. ಬೂದಿಯೊಳಗಿಂದ ಕಡಲೆಕಾಳಿಗಿಂತ ಸಣ್ಣದೊಂದು ಕಲ್ಲು ಉರುಳಿತು. ಬೆಟ್ಟದ ಬುಡದಲ್ಲಿ ಬಿಳೀ ಪಂಚೆ ಹಾಸಿಕೊಂಡು ಯಾವನೋ ಕಲ್ಲುಗಳನ್ನು ಇಟ್ಟುಕೊಂಡು ಕೂತಿದ್ದನಂತೆ. ಅಷ್ಟರಲ್ಲಿ ಇದೊಂದೇ ತನ್ನನ್ನು ನೋಡಿತು ಅಂದ ಪಿಚ್ಚೈ. ಅವನ ಜನ್ಮದಲ್ಲಿ ಅವನಾಡಿದ ಅತ್ಯಂತ ಚೆಂದದ ಮಾತು ಅದು. ಆಮೇಲೆ ಅಂಥದ್ದು ಇನ್ನೊಂದು ಬರಲಿಲ್ಲ, ಪಾಂಡಿಯಮ್ಮಾಳ್ ಕಾದದ್ದೂ ಇಲ್ಲ.

ಕಲ್ಲಿನ ಮೈಗೆಲ್ಲ ಬೂದಿ ಮೆತ್ತಿಕೊಂಡಿತ್ತು. ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಇನ್ನಷ್ಟು ಉಜ್ಜಿದಳು, ಹೋಗುವುದಿರಲಿ, ಅಂಗೈಯ ಬೂದಿಯೂ ಹಾರಿಬಂದು ಕೂತಿತು. "ಮುರುಗ ಬಿಡ್ತಿಲ್ಲೆ," ಎಂದು ನಕ್ಕಳು. ನೀರಿನಲ್ಲಿ ತೊಳೆದಾಗ ಕಂಡ ಬಣ್ಣ ಅವಳಿಗೆ ಹೊಸದೇನಲ್ಲ. ಪನ್ನೀರು ದ್ರಾಕ್ಷಿ ಹಸಿರಿನಿಂದ ಕಪ್ಪಿಗೆ ತಿರುಗುವ ನಡುವೆ ಮೂರೇ ದಿನ ಒಂದು ಬಣ್ಣ ಬರುತ್ತದೆ. ಹುಳಿ ಬಿಟ್ಟಿರುವುದಿಲ್ಲ, ಸಿಹಿ ಬಂದಿರುವುದಿಲ್ಲ. ಬೆಳಗಿನ ಬಿಸಿಲಿಗೆ ಹಿಡಿದರೆ ಒಳಗಿನ ಬೀಜದ ನೆರಳು ಕಾಣುತ್ತದೆ. ಆ ಮೂರು ದಿನ ಚಪ್ಪರದ ಕೆಳಗೆ ಗಾಳಿಯೇ ಗುಲಾಬಿಯಾದ ಹಾಗೆ. ನಾಲ್ಕನೆಯ ದಿನ ಎದ್ದು ಹೋದರೆ ಎಲ್ಲ ಕಪ್ಪು. ಹಿಡಿಯಲು ಹೋದರೆ ಕೈಯಲ್ಲೇ ಕಳೆದುಹೋಗುವ ಆ ಬಣ್ಣ ಇಲ್ಲಿ ನಿಂತುಬಿಟ್ಟಿತ್ತು.

ಮನೆಮಾತಿನಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ದನಗಳ ಹಿಂದೆ ನಡೆದು ಈ ತಮಿಳು ಕಣಿವೆಗೆ ಬಂದವರು ಅಂತ ಹಿರಿಯರು ಹೇಳುತ್ತಿದ್ದರು. ಬರುವಾಗ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಕುಂಕುಮವೂ ಕೆಂಪು, ಸಂಜೆಯೂ ಕೆಂಪು, ಮಗುವಿನ ಅಂಗಾಲೂ ಕೆಂಪು. ಹಾಗಾಗಿ ಕಲ್ಲೂ ಕೆಂಪು. "ನನ್ನ ಕೆಂಪು ಎಲ್ಲಿಟ್ಟೆ?" ಅಂದರೆ ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟ ಮೂಗುತಿ ಎಂದೇ ಮನೆಯವರಿಗೆಲ್ಲ ಅರ್ಥ.

ಕಲೈಸೆಲ್ವಿ ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ದಿಂಡಿಗಲ್ಲಿನಲ್ಲೇ ಓದಿ, ಅಲ್ಲಿಯೇ ಮನೋಜ್‌ಕುಮಾರನನ್ನು ಮದುವೆಯಾಗಿ, ಎಂಟು ತಿಂಗಳ ಹೆಣ್ಣುಮಗುವಿನ ತಾಯಿಯಾಗಿದ್ದ ಅವಳ ಫೋನು ಯಾವಾಗಲೂ ಕಾಳಜಿಯಿಂದಲೇ ಶುರು.

"ಅವ್ವಾ, ಪಾಪು ಬೆಳಿಗ್ಗೆಯಿಂದ ಮೂರೇ ಸಲ ಉಚ್ಚೆ ಮಾಡಿದಾಳೆ. ಸಾಕಾ?"

"ಸಾಕು ಕಣ್ಣೂ. ನೀ ಎಷ್ಟು ಸಲ ಮಾಡ್ದೆ ಅಂತ ನಾ ಒಂದಿನವೂ ಎಣಿಸ್ಲಿಲ್ಲೆ. ನೀ ಬೆಳೀಲಿಲ್ವಾ?"

"ನಿಮ್ಮ ಕಾಲ ಬೇರೆ." ಸ್ವಲ್ಪ ತಡೆದು, "ಅವ್ವಾ, ಅತ್ತೆ ಒಂದು ಕೇಳ್ತಿದಾರೆ. ಮುಂದಿನ ತಿಂಗಳು ಕಿವಿ ಚುಚ್ಚೋದಲ್ಲ, ಕಿವಿಗೆ ಹಾಕೋ ತೋಡು ತಾಯಿಮನೆಯಿಂದ ತಾನೇ ಬರ್ಬೇಕು? ಜೋಸ್ಯರು ಪಾಪುಗೆ ಮಾಣಿಕ್ಯ ಒಳ್ಳೇದು ಅಂದ್ರಂತೆ. ನಿನ್ನ ಕೆಂಪನ್ನ ಎರಡಾಗಿ ಕೊಯ್ಸಿ ಎರಡು ಪುಟ್ಟ ತೋಡು ಮಾಡ್ಸಿದ್ರೆ ಅಂತ..."

ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಪಾಂಡಿಯಮ್ಮಾಳ್ ಮೂಗಿಗೆ ಕೈಹಾಕಿದಳು. ಕಲ್ಲು ಬೆಚ್ಚಗಿತ್ತು. ಬ್ಯಾಡ ಅನ್ನುವ ಮಾತು ಗಂಟಲವರೆಗೆ ಬಂದು, ಅಲ್ಲಿ ದಾರಿ ಗೊತ್ತಿಲ್ಲದೆ ನಿಂತಿತು. ಅಭ್ಯಾಸವಿದ್ದ ಮಾತು ಅದನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂತು.

"ಆಗ್ಲಿ."

ಆ ಭಾನುವಾರ ಅಳಿಯ ಬಂದು ತೆಗೆದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಚಪ್ಪರದ ಕೆಳಗೆ ಹೋದಾಗಲೇ ಅವಳಿಗೆ ಗೊತ್ತಾದದ್ದು. ಏನೋ ಇಲ್ಲ. ಮೂಗು ಹಗುರವಾಗಿದ್ದು ಒಂದು, ಅದಲ್ಲ. ಕಣ್ಣು ತೊಳೆದುಕೊಂಡಳು. ಮತ್ತೆ ನೋಡಿದಳು. ಎಲೆಗಳಿದ್ದವು, ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಬಿಲ್ಲೆಗಳಿದ್ದವು, ಆಚೆಗೆ ಮಂಜಿನಲ್ಲಿ ಅರ್ಧ ಕರಗಿದ ಮೇಘಮಲೆಯ ಬೆಟ್ಟಗಳಿದ್ದವು. ಆದರೆ ಎಲ್ಲದಕ್ಕೂ ಅಂಚೇ ಇಲ್ಲ.

ನಮ್ಮ ಮೂಗು ನಮಗೆ ಸದಾ ಕಾಣುತ್ತಲೇ ಇರುತ್ತದೆ. ನಾವು ನೋಡುವುದಿಲ್ಲ, ಅಷ್ಟೇ. ನಲವತ್ತೆರಡು ವರ್ಷ ಅವಳ ಬಲಗಣ್ಣಿನ ಕೆಳಮೂಲೆಯಲ್ಲಿ ಒಂದು ಗುಲಾಬಿ ಮಸುಕು ಇತ್ತು. ಕಲ್ಲು ಅಂತ ಕಾಣುತ್ತಿರಲಿಲ್ಲ. ನೀರಿಗೆ ಬಿದ್ದ ಒಂದು ಹನಿ ಬಣ್ಣ ಹರಡಿ, ಪೂರ್ತಿ ಕರಗುವ ಮುಂಚೆ ಹೇಗಿರುತ್ತದೋ ಹಾಗೆ. ಬೆಳಿಗ್ಗೆ ಅದು ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೊಮ್ಮೆ ಚಿಮ್ಮಿ ಗಂಡನ ಅಂಗಿಯ ಮೇಲೋ ಸೋರೆಕಾಯಿಯ ಮೇಲೋ ಹೋಗಿ ಕೂರುತ್ತಿತ್ತು. ಸಂಜೆ ದೀಪ ಹಚ್ಚಿದಾಗ ಗಾಢವಾಗಿ, ಮಾಗಿದ ಅಂಜೂರದ ಒಳಗಿನ ಹಾಗೆ. ಮಕ್ಕಳನ್ನು ಹೆತ್ತಾಗ, ಮೊದಲ ಸಲ ಬಗ್ಗಿ ಅವರ ಮುಖ ನೋಡಿದಾಗ, ಆ ಮುಖಗಳ ಅಂಚಿಗೂ ಅದು ಇತ್ತು. ಅವ್ವ ತೀರಿಕೊಂಡ ದಿನವೂ ಇತ್ತು. ಎಲ್ಲರೂ ಪಾಂಡಿಯಮ್ಮಾಳ್ ಮೂಗಿನ ಮೇಲೆ ಕಲ್ಲು ನೋಡುತ್ತಿದ್ದರು. ಅವಳೊಬ್ಬಳು ಅದರ ಮೂಲಕ ಊರು ನೋಡುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ; ಹೇಳುವಂಥದ್ದು ಅಂತ ಅನ್ನಿಸಿಯೂ ಇರಲಿಲ್ಲ.

ಆ ದಿನಗಳಲ್ಲಿ ಅವಳ ಕತ್ತರಿ ತಪ್ಪತೊಡಗಿತು. ಬೀಳಬೇಕಾದ್ದು ಉಳಿದು ಉಳಿಯಬೇಕಾದ್ದು ಬೀಳುತ್ತಿತ್ತು. ನಿದ್ದೆಯಲ್ಲಿ ಚಪ್ಪರದ ಉದ್ದಕ್ಕೂ ನಡೆಯುತ್ತಾ ಹೋಗುತ್ತಿದ್ದಳು. ಗೊಂಚಲುಗಳೆಲ್ಲ ಹಸಿರು ಅಥವಾ ಕಪ್ಪು, ನಡುವಿನದು ಎಲ್ಲೂ ಇಲ್ಲ. ಎಚ್ಚರವಾದಾಗಲೂ ಎಷ್ಟೋ ಹೊತ್ತು ಕನಸಿನ ಆ ಎಲೆಗಳು ಕಣ್ಣ ಮುಂದೆಯೇ ಅಲ್ಲಾಡುತ್ತಿದ್ದವು. ಪಿಚ್ಚೈ ಗಮನಿಸಿದ.

"ಏನ್ ಪಾಂಡೀ, ಯಾವೂರಲ್ಲಿದ್ದೀ?"

"ಇಲ್ಲೇ ಐವ್ನಿ ಮಾವಾ."

"ಇಲ್ಲಿದ್ದೋರು ಹಾಲಿಗೆ ಉಪ್ಪು ಹಾಕಲ್ಲ."

ಹದಿನೆಂಟನೆಯ ದಿನ ಮತ್ತೆ ಫೋನು. ಈ ಸಲ ಕಲೈಸೆಲ್ವಿಯ ದನಿ ಬಟ್ಟೆಯಲ್ಲಿ ಸುತ್ತಿದ ಹಾಗಿತ್ತು. "ಅವ್ವಾ, ಕಲ್ಲು ಕೂರ್ಸೋರು ಅದು ಕೆಂಬೇ ಅಲ್ಲ ಅಂತಿದಾರೆ. ಅತ್ತೆ ಮುಖ ಊದಿಸ್ಕೊಂಡಿದಾರೆ. ನೀವಿಬ್ರೂ ಒಂದ್ಸಲ ಬಂದು ಹೋಗಿ. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಹಾಲು ಬತ್ತಿಬಿಡುತ್ತೇನೋ ಅಂತ ಬೇರೆ ಭಯ."

ತೇನಿಯಲ್ಲಿ ಬಸ್ಸು ಬದಲಿಸಿ ಪೆರಿಯಕುಳಂ ದಾಟುವಾಗ ಮಾವಿನ ತೋಪುಗಳು ಕಿಟಕಿಯಲ್ಲಿ ಹರಿದುಹೋದವು. ಪಾಂಡಿಯಮ್ಮಾಳ್ ಕಿಟಕಿಗೆ ತಲೆಯಾನಿಸಿ, ಎಚ್ಚರಕ್ಕೂ ಜೋಂಪಿಗೂ ನಡುವೆ ತೇಲುತ್ತಾ, ಒಂದೇ ವಿಷಯವನ್ನು ತಿರುತಿರುಗಿಸಿ ನೋಡುತ್ತಿದ್ದಳು. ಕಲ್ಲು ಸರಿಯಿಲ್ಲ ಅಂದರೆ ಅವರಿಗೆ ಬೇಡ. ಬೇಡವಾದರೆ ವಾಪಸು ಕೊಡುತ್ತಾರೆ. ಎದೆಯೊಳಗೆ ಏನೋ ಹಾರಿತು. ತಕ್ಷಣ ನಾಚಿಕೆಯಾಯಿತು. ಮೊಮ್ಮಗಳ ಕಿವಿಯಿಂದ ಕಿತ್ತುಕೊಂಡ ಹಾಗಲ್ಲವೇ ಇದು? ಆದರೂ ಹಾರಿದ್ದು ಮತ್ತೆ ಬಂದು ಕೂರಲೊಲ್ಲದು.

ಬಾಲಮುರುಗನ್ನನ ಅಂಗಡಿ ದಿಂಡಿಗಲ್ಲಿನ ಒಂದು ಓಣಿಯಲ್ಲಿ, ಟೀ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ನಾಲ್ಕು ಜನ ಕೂತರೆ ತುಂಬುವಷ್ಟಿತ್ತು. ಅವನದು ಕಲ್ಲು ಕೊಯ್ಯುವ, ಕೂರಿಸುವ ಕೆಲಸ. ಆಡುವುದು ತಮಿಳು ಮಾತ್ರ. ಕಲೈಸೆಲ್ವಿ ಪಾಪುವನ್ನು ಎದೆಗೊತ್ತಿಕೊಂಡು, ಸಾಣೆಯ ಪುಡಿ ಮಗುವಿನ ಮೂಗಿಗೆ ಹೋದೀತೆಂದು ಸೆರಗು ಮುಚ್ಚಿ ನಿಂತಿದ್ದಳು. ಅವಳ ಅತ್ತೆ ಸುಬ್ಬುಲಕ್ಷ್ಮಿ ಬೆಂಚಿನ ಮೇಲೆ. ಅವರೂ ಇವರ ಜಾತಿಯವರೇ, ಕನ್ನಡದವರೇ. ಆದರೆ ಎರಡು ತಲೆಮಾರು ದಿಂಡಿಗಲ್ಲಿನಲ್ಲಿ ಕಳೆದು, ಆ ಮನೆಯಲ್ಲಿ ಈಗ ಕನ್ನಡ ಕೇಳುವುದು ಯಾರಿಗಾದರೂ ಸಿಟ್ಟು ಬಂದಾಗ ಮಾತ್ರ. ಇವತ್ತು ಕೇಳುತ್ತಿತ್ತು.

"ಬನ್ನಿ ಸಂಬಂದಿಯಮ್ಮಾ," ಸುಬ್ಬುಲಕ್ಷ್ಮಿ ಬೀಗಿತ್ತಿಯನ್ನು ಕರೆದರು. "ನಾನು ತಪ್ಪು ತಿಳ್ಕೊಂಡಿಲ್ಲೆ ತಾನೇ? ನೀವೇ ಅಲ್ವಾ ಅದನ್ನ ಕೆಂಬು ಅಂದಿದ್ದು?"

"ಆಮಾ. ಕೆಂಪು ಅಂದೆ."

"ಇವರು ಕೆಂಬು ಅಲ್ಲ ಅಂತಾರೆ."

"ಕೆಂಪಲ್ವಾ?" ಪಾಂಡಿಯಮ್ಮಾಳ್‌ಗೆ ದಿಕ್ಕೇ ತಿಳಿಯಲಿಲ್ಲ. "ಮತ್ತೆ ಏನಂತೆ?"

ಪಿಚ್ಚೈ ಬಾಗಿಲ ಹತ್ತಿರದಿಂದ ಬಾಯಿ ಹಾಕಿದ. "ಹಸ್ರು ಅಂತಾನೋ ಏನೋ. ಇಷ್ಟು ವರ್ಷ ನನ್ನ ಹೆಂಡ್ತಿ ಹಸ್ರು ಕಲ್ಲು ಹಾಕ್ಕೊಂಡು ತಿರುಗಿದ್ಳು, ನನಗೇ ಕಣ್ಣಿಲ್ಲೆ."

"ತಮಾಷೆ ಬೇಡ ಸಂಬಂದಿ. ನಾನು ನಂಟರಿಗೆಲ್ಲ ಕೆಂಬು ಅಂತ ಹೇಳಿಬಿಟ್ಟಿದೀನಿ."

"ನಾವೂ ಅದನ್ನೇ ತಾನೇ ಹೇಳ್ತಿರೋದು? ಕೆಂಪು, ಕೆಂಪು, ಕೆಂಪು. ಇನ್ನೆಷ್ಟು ಸಲ?"

ಎರಡೂ ಕಡೆಯ ಕೆಂಪುಗಳು ಗಾಳಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ಕೇಳುತ್ತಾ ನಿಂತಿದ್ದ ಕಲೈಸೆಲ್ವಿಯ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ತಮಿಳಿನಲ್ಲಿ ಕೆಂಬು ಅಂದರೆ ಒಂದು ಕಲ್ಲಿನ ಹೆಸರು: ಮಾಣಿಕ್ಯ. ಅವ್ವನ ಬಾಯಲ್ಲಿ ಅದು ಬರೀ ಬಣ್ಣ. ಹತ್ತು ವರ್ಷದವಳಾಗಿ ಹಾಸ್ಟೆಲಿಗೆ ಹೋದವಳು ಅವ್ವನ ಮಾತನ್ನು ತಮಿಳಿನ ಕಿವಿಯಲ್ಲಿ ಕೇಳಿಸಿಕೊಂಡು, ಮಾಣಿಕ್ಯ ಅಂತಲೇ ನಂಬಿ, ಮಾಣಿಕ್ಯ ಅಂತಲೇ ಗಂಡನ ಮನೆಗೆ ಹೇಳಿದ್ದಳು.

"ಅತ್ತೇ," ಅಂದಳು, ಅಳು ಬಂದವಳ ಹಾಗೆ. "ಅವ್ವನ ಕನ್ನಡದಲ್ಲಿ ಕೆಂಪು ಅಂದ್ರೆ ತಮಿಳಿನ ಸಿವಪ್ಪು. ಕಲರ್. ತಪ್ಪು ನಂದು."

ಸುಬ್ಬುಲಕ್ಷ್ಮಿ ಎಲ್ಲಿಂದಲೋ, ಎಂದೋ ಮುಚ್ಚಿಟ್ಟ ಪೆಟ್ಟಿಗೆಯಿಂದ ಬಂದ ಹಾಗೆ, "ಕೆಂಪು ಸೀಲೆ," ಅಂದರು. "ನಮ್ಮಜ್ಜಿ ಉಡೋ ಸೀರೇನ ಕೆಂಪು ಸೀಲೆ ಅಂತಿದ್ಲು. ಕೆಂಪು ಮೆಣಸಿನಕಾಯಿ ಅಂತಿದ್ಲು. ಅಯ್ಯೋ ದೇವ್ರೇ!" ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಏನಾಯಿತೆಂದು ತಿಳಿಯದ ಬಾಲಮುರುಗನ್ ಕೂಡ ಮರ್ಯಾದೆಗೆ ನಕ್ಕ. ಪಾಪು ಬೆಚ್ಚಿ ಅತ್ತಿತು.

"ಹಾಗಾದ್ರೆ ಇದೇನು?" ಸುಬ್ಬುಲಕ್ಷ್ಮಿ ಕಣ್ಣೊರೆಸಿಕೊಂಡು ತಮಿಳಿನಲ್ಲಿ ಕೇಳಿದರು. "ಗಾಜಾ?"

"ಗಾಜು ಅಂತ ಯಾರು ಹೇಳಿದ್ದು?" ಬಾಲಮುರುಗನ್ನನಿಗೆ ತನ್ನನ್ನೇ ಬೈದ ಹಾಗಾಯಿತು. "ಟೂರ್ಮಲಿನ್ ಅಂತಾರೆ ಇದಕ್ಕೆ. ಗುಲಾಬಿ ಟೂರ್ಮಲಿನ್. ಭೂಮಿಯೊಳಗೆ ಬೆಳೆದ ಕಲ್ಲು. ನೋಡಿ, ತೋರಿಸ್ತೀನಿ."

ಕೂರಿಸಿದ್ದ ಚಿನ್ನದಿಂದ ಬಿಡಿಸಿಟ್ಟ ಕಲ್ಲನ್ನು ಅವನು ಚಿಮುಟದಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಬಿಡಿಯಾಗಿ, ಬೆನ್ನು ಹೊಟ್ಟೆ ಎಲ್ಲ ಕಾಣುವ ಹಾಗೆ ಪಾಂಡಿಯಮ್ಮಾಳ್ ಅದನ್ನು ನೋಡಿದ್ದು ನಲವತ್ತೆರಡು ವರ್ಷದಲ್ಲಿ ಇದು ಎರಡನೇ ಸಲ. ಅಷ್ಟು ಚಿಕ್ಕದಾ ಅದು ಅನ್ನಿಸಿತು.

"ಹೀಗೆ ಅಡ್ಡಲಾಗಿ ನೋಡಿದ್ರೆ ತೆಳು ಗುಲಾಬಿ. ಈಗ ತಿರುಗಿಸ್ತೀನಿ, ಉದ್ದಕ್ಕೆ ನೋಡಿ. ಹೇಗೆ ಗಾಢವಾಯ್ತು ಬಣ್ಣ? ಒಂದೇ ಕಲ್ಲು, ಎರಡು ಕಡೆಯಿಂದ ಎರಡು. ಯಾವ ಕಡೆ ಮುಖ ಮಾಡಿ ಕೊಯ್ಯಬೇಕು ಅಂತ ತಿಳಿದವನು ಕೊಯ್ದಿದಾನೆ ಇದನ್ನ." ಭೂತಗನ್ನಡಿ ಕೊಟ್ಟ. "ಒಳಗೆ ನೋಡಿ. ನೂಲಿನಂಥ ಎಳೆಗಳು ಕಾಣ್ತವಾ? ಅದು ಹುಟ್ಟುವಾಗ ಸಿಕ್ಕಿಹಾಕಿಕೊಂಡ ನೀರು. ಗಾಜಿನಲ್ಲಾದರೆ ದುಂಡು ಗುಳ್ಳೆ ಇರುತ್ತೆ. ಹಿಂದಿನ ಗೆರೆಗಳು ನೋಡಿ, ಒಂದೊಂದೂ ಎರಡೆರಡಾಗಿ ಕಾಣುತ್ತೆ. ಬೆಳಕು ಒಳಗೆ ಹೋಗಿ ಎರಡಾಗಿ ಒಡೆದು ಬರುತ್ತೆ."

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಪಾಂಡಿಯಮ್ಮಾಳ್ ಸರದಿ ಬಂದಾಗ ಅಂಗಡಿ, ಓಣಿ, ಬಸ್ಸಿನ ಹಾರ್ನು ಎಲ್ಲ ದೂರ ಸರಿದವು. ಅಲ್ಲೊಂದು ಊರೇ ಇತ್ತು. ಗುಲಾಬಿ ಮಂಜು ಕವಿದ ಊರು. ಮಂಜಿನೊಳಗೆ ಎಳೆಎಳೆಯಾಗಿ ಹರಿಯದೆ ನಿಂತ ಹೊಳೆಗಳು. ಆಳದಲ್ಲಿ ಜೋಡಿಜೋಡಿಯಾಗಿ ಹೊಳೆಯುವ ಬೇಲಿಗಳು. ಯಾರೂ ನಡೆದಿರದ ಊರು. ಇಷ್ಟು ದಿನ ಇದರ ಹೊರಗೋಡೆಯ ಹತ್ತಿರವೇ ತನ್ನ ಉಸಿರು ಆಡುತ್ತಿತ್ತಲ್ಲ ಅಂದುಕೊಂಡಳು. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

"ಇನ್ನೊಂದು ಆಟ ಇದೆ," ಬಾಲಮುರುಗನ್ನನಿಗೆ ಈಗ ಹುರುಪು. ಮೇಜಿನ ದೀಪಕ್ಕೆ ಅವನು ಹಳೆಯ ಹಳದಿ ಬಲ್ಬನ್ನೇ ಉಳಿಸಿಕೊಂಡಿದ್ದ. ಅದರ ಪಕ್ಕ ಕಲ್ಲನ್ನು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ದೇವರ ಪಟದ ಮುಂದಿದ್ದ ವಿಭೂತಿಯ ಬಟ್ಟಲ ಮೇಲೆ ಹಿಡಿದ. ಆರುತ್ತಾ ಬಂದ ಕಲ್ಲಿಗೆ ಬೂದಿಯ ಕಣಗಳು ಎದ್ದೆದ್ದು ಹಾರಿ ಅಂಟಿಕೊಂಡವು. "ಬಿಸಿ ಏರಿ ಇಳಿದಾಗ ಬೂದಿ ಎಳೆಯುತ್ತೆ. ಕರೆಂಟ್ ಹುಟ್ಟುತ್ತೆ ಇದರಲ್ಲಿ. ಮಾಣಿಕ್ಯಕ್ಕೆ ಇದು ಬರಲ್ಲ."

"ನೋಡ್ದ್ಯಾ," ಅಂದ ಪಿಚ್ಚೈ ಹೆಂಡತಿಗೆ. "ಮುರುಗ ಅಲ್ಲ, ಕರೆಂಟಂತೆ."

"ಮುರುಗನ ಕರೆಂಟು," ಅಂದಳು ಪಾಂಡಿಯಮ್ಮಾಳ್.

ಆದರೆ ಅವಳು ಸುಬ್ಬುಲಕ್ಷ್ಮಿಯ ಮುಖ ನೋಡುತ್ತಿದ್ದಳು, ನೋಡುತ್ತಿದ್ದ ಹಾಗೆ ಎದೆ ಇಳಿಯುತ್ತಿತ್ತು. ಸುಬ್ಬುಲಕ್ಷ್ಮಿ ಬೂದಿ ಮೆತ್ತಿದ ಕಲ್ಲನ್ನು ಅಂಗೈಗೆ ಹಾಕಿಸಿಕೊಂಡು, ಊದಿ, ಒರೆಸಿ, ಆ ಕಡೆ ಈ ಕಡೆ ತಿರುಗಿಸಿ, ಬಾಗಿಲಿಗೆ ಹಿಡಿದು, ಮತ್ತೆ ಬಲ್ಬಿಗೆ ಹಿಡಿದರು. ಊದಿಸಿಕೊಂಡಿದ್ದ ಮುಖ ಎಲ್ಲೋ ಹೋಗಿತ್ತು.

"ಮಾಣಿಕ್ಯ ಹಾಳಾಗ್ಲಿ," ಅಂದರು. "ಮಾಣಿಕ್ಯ ಎಲ್ಲರ ಮನೇಲೂ ಇರುತ್ತೆ. ಜೋಸ್ಯರಿಗೆ ನಾನು ಹೇಳ್ಕೋತೀನಿ. ಪಾಪು ಕೆನ್ನೆ ಬಣ್ಣ ಇದೇ ಅಲ್ವಾ ಕಲೈ? ಇದನ್ನೇ ಎರಡು ಮಾಡಿಬಿಡಿ ತಂಬೀ."

ಬಾಲಮುರುಗನ್ ಕತ್ತು ತುರಿಸಿಕೊಂಡ. "ಮಾಡಬಹುದು. ಆದರೆ ಒಂದು ಎಳೆ ಅಡ್ಡಕ್ಕೆ ಹೋಗಿದೆ. ಚಕ್ರ ತಾಕಿದಾಗ ಅಲ್ಲೇ ಬಿರುಕು ಬಿಡಬಹುದು. ಇನ್ನೊಂದು, ಈ ಬಣ್ಣ ದಪ್ಪದಲ್ಲಿರೋದು. ಚಿಕ್ಕದು ಮಾಡಿದಷ್ಟೂ ತೆಳುವಾಗಿ ನೀರಾಗುತ್ತೆ. ಮೊದಲೇ ಹೇಳ್ತಿದೀನಿ."

"ತೆಳುವಾದ್ರೂ ಪರವಾಯಿಲ್ಲೆ. ಏನಂತೀರಿ ಸಂಬಂದಿಯಮ್ಮಾ?"

ಎಲ್ಲರೂ ಅವಳ ಕಡೆ ತಿರುಗಿದರು, ಉತ್ತರ ಏನೆಂದು ಗೊತ್ತಿದ್ದವರ ಹಾಗೆ. ಪಾಂಡಿಯಮ್ಮಾಳ್ ಬಾಯಿ ತೆರೆದಳು.

"ಬ್ಯಾಡ."

ತಾನೇ ಹೇಳಿದ್ದು ಎಂದು ಅವಳಿಗೆ ತಿಳಿದದ್ದು ಪಿಚ್ಚೈ ಬಾಗಿಲ ಕಂಬ ಬಿಟ್ಟು ನೆಟ್ಟಗೆ ನಿಂತಾಗ.

"ಏನು?" ಸುಬ್ಬುಲಕ್ಷ್ಮಿ ಕೇಳಿದರು.

"ಕೊಯ್ಯೋದು ಬ್ಯಾಡ. ಕೊಡೋದೂ... ನಾ ಕೊಡಲ್ಲ ಸಂಬಂದಿಯಮ್ಮಾ. ಅವತ್ತೇ ಹೇಳ್ಬೇಕಾಗಿತ್ತು. ಬಾಯಿ ಬರ್ಲಿಲ್ಲೆ. ನನ್ನದು ನನಗೆ ಬೇಕು."

"ಓಹೋ." ಸುಬ್ಬುಲಕ್ಷ್ಮಿಯ ದನಿಯಲ್ಲಿ ಕನ್ನಡ ಮತ್ತೆ ಬಂತು. "ಮೊಮ್ಮಗಳಿಗಿಂತ ಮೂಕುತ್ತಿ ಹೆಚ್ಚಾಯ್ತು. ಸರಿ, ನಾಳೆ ನಂಟರು ಕೇಳಿದ್ರೆ ಹಾಗೇ ಹೇಳ್ತೀನಿ."

"ಅತ್ತೇ..." ಕಲೈಸೆಲ್ವಿ ಪಾಪುವನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಅವ್ವನ ಬಾಯಿಂದ ಈ ಮಾತನ್ನು ಅವಳು ಕೇಳಿರಲೇ ಇಲ್ಲ. "ಅವ್ವಾ, ಯಾಕವ್ವಾ?"

ಪಾಂಡಿಯಮ್ಮಾಳ್ ಸಂಬಂದಿಯ ಅಂಗೈಯಿಂದ ಕಲ್ಲನ್ನು ಎತ್ತಿಕೊಂಡಳು. ಹೇಗೆ ಹೇಳುವುದು? ಅವಳ ಬಳಿ ಇದ್ದ ಮಾತುಗಳೆಲ್ಲ ಕೆಂಪಿಗೆ ಬಂದು ನಿಂತುಹೋಗುತ್ತಿದ್ದವು. ಮಗಳ ಹತ್ತಿರ ಹೋದಳು.

"ತಲೆ ಅಲ್ಲಾಡಿಸಬ್ಯಾಡ. ನೇರಕ್ಕೆ ಓಣಿ ಕಡೆ ನೋಡು. ಕಲ್ಲ ನೋಡಬ್ಯಾಡ, ನೋಡಿದ್ರೆ ಓಡಿಹೋಯ್ತದೆ." ಬಲಮೂಗಿನ ಪಕ್ಕಕ್ಕೆ ಕಲ್ಲನ್ನು ಬೆರಳ ತುದಿಯಲ್ಲಿ ಒತ್ತಿ ಹಿಡಿದಳು. "ಈಗ ಪಾಪುನ್ನ ನೋಡು."

ಕಲೈಸೆಲ್ವಿ ಓಣಿ ನೋಡಿದಳು. ಮೊದಲು ಏನೂ ಇಲ್ಲ. ಕಣ್ಣು ಬಗ್ಗಿಸಿ ಮಗುವನ್ನು ನೋಡಿದಳು. ಜ್ವರವಿದೆಯೋ, ಹಸಿವೋ, ಉಸಿರು ಸರಿಯಿದೆಯೋ ಎಂದು ಎಂಟು ತಿಂಗಳಿಂದ ಗಳಿಗೆಗೊಮ್ಮೆ ನೋಡಿದ ಅದೇ ಮುಖ. ಅದರ ಒಂದು ಅಂಚಿಗೆ, ಯಾವುದೋ ಬೆಳಗು ಈ ಕಡೆಯಿಂದ ಹಣಕಿದ ಹಾಗೆ, ಗುಲಾಬಿ ಬೆಳಕೊಂದು ಬಂದು ನಿಂತಿತು. ಅದು ಏನನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಇತ್ತು. ಎಷ್ಟೋ ದಿನಗಳ ಮೇಲೆ ಕಲೈಸೆಲ್ವಿ ಮಗುವನ್ನು ಪರೀಕ್ಷೆ ಮಾಡದೆ ನೋಡಿದಳು. ಬಿಗಿದಿದ್ದ ಹೆಗಲು ತಾನಾಗಿ ಇಳಿಯಿತು. ಪಾಪು ಹಲ್ಲಿಲ್ಲದ ಬಾಯಿ ತೆರೆಯಿತು.

"ದಿನಾ ಹೀಗೇನಾ ಅವ್ವಾ?"

"ದಿನಾ."

"ಎಲ್ಲಿ, ನನಗೂ ಹಿಡೀರಿ," ಸುಬ್ಬುಲಕ್ಷ್ಮಿ ಎದ್ದೇ ಬಂದರು. ಪಾಂಡಿಯಮ್ಮಾಳ್ ಹಿಡಿದಳು. ಸುಬ್ಬುಲಕ್ಷ್ಮಿ ಓಣಿ ನೋಡಿದರು, ಮಗು ನೋಡಿದರು, ಪಿಚ್ಚೈಯನ್ನೂ ನೋಡಿದರು. ಕನ್ನಡಕ ತೆಗೆದು ನೋಡಿದರು. "ನನಗೇನೂ ಕಾಣಲಿಲ್ಲೆ."

"ನನ್ನ ನೋಡಿದ್ರೆ ಹೆಂಗೆ ಕಂಡೀತು?" ಅಂದ ಪಿಚ್ಚೈ.

ಸುಬ್ಬುಲಕ್ಷ್ಮಿ ನಗಲಿಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ ಸೊಸೆಯನ್ನೇ ನೋಡುತ್ತಿದ್ದರು. ಕಲೈಸೆಲ್ವಿ ತಲೆಯೆತ್ತಿ ಹೇಳಿಬಿಟ್ಟಳು: "ಅದು ಅವ್ವಂಗೇ ಇರಲಿ ಅತ್ತೆ. ಪಾಪುಗೆ ಬರೀ ಚಿನ್ನದ ಗುಂಡು ಸಾಕು. ಇಷ್ಟು ಚಿಕ್ಕ ಮಗುಗ್ಯಾಕೆ ಕಲ್ಲು? ಕಿತ್ತು ನುಂಗಿಬಿಟ್ರೆ? ನಾನು ಅದನ್ನೇ ಯೋಚಿಸಿ ಯೋಚಿಸಿ ಸತ್ತಿದ್ದೆ."

"ಮೊದಲೇ ಹೇಳಕ್ಕೇನಾಗಿತ್ತು ನಿನಗೆ?"

"ನಾನೂ ಇವಳ ಮಗಳಲ್ವಾ."

ಸುಬ್ಬುಲಕ್ಷ್ಮಿ ಕನ್ನಡಕ ಹಾಕಿಕೊಂಡು ಬೆಂಚಿಗೆ ಮರಳಿ, "ನಂಟರಿಗೆ ಏನು ಹೇಳೋದು ಅಂತ ನಾನು ನೋಡ್ಕೋತೀನಿ," ಅಂದರು. "ಬೇಕು ಅಂತ ಬಾಯಿಬಿಟ್ಟು ಕೇಳಿದ್ರಲ್ಲ ಸಂಬಂದಿಯಮ್ಮಾ, ಆಯ್ತು. ನನಗೆ ಯಾರೂ ಹಾಗೆ ಕೇಳೋದು ಹೇಳಿಕೊಡ್ಲಿಲ್ಲ."

ಬಾಲಮುರುಗನ್ ಅರ್ಧ ಗಂಟೆಯಲ್ಲಿ ಕಲ್ಲನ್ನು ಅದರ ಹಳೆಯ ಚಿನ್ನದಲ್ಲೇ ಕೂರಿಸಿದ. ಪಾಂಡಿಯಮ್ಮಾಳ್ ಕನ್ನಡಿ ಮುಂದೆ ನಿಂತು ಮೂಗುತಿ ಹಾಕಿಕೊಳ್ಳಲು ಹೋದಳು. ಹೋಗಲಿಲ್ಲ. ತಿರುಗಿಸಿದಳು, ಒತ್ತಿದಳು, ಕಣ್ಣಲ್ಲಿ ನೀರು ಬಂತು.

"ತೂತಿಗೆ ಕಡ್ಡಿ ಗಿಡ್ಡಿ ಹಾಕ್ಕೊಳ್ಳಲಿಲ್ವಾ ಅಮ್ಮಾ?" ಬಾಲಮುರುಗನ್ ಕೇಳಿದ.

"ಕೊಟ್ಟಾಯ್ತಲ್ಲ, ಇನ್ನು ಕಡ್ಡಿ ಯಾಕೆ ಅಂತ..."

"ಒಳಗಡೆ ಬಾಯಿ ಕೂಡಿಬಿಟ್ಟಿದೆ. ಮತ್ತೆ ಚುಚ್ಚಬೇಕು. ಈ ವಯಸ್ಸಲ್ಲಿ ನೋಯುತ್ತೆ. ಇವತ್ತು ಬೇಡ ಅಂದ್ರೆ..."

"ಇವತ್ತೇ," ಅಂದಳು ಪಾಂಡಿಯಮ್ಮಾಳ್.

ಅಂಗಡಿಯಲ್ಲಿ ಮಲಗಲು ಜಾಗವಿರಲಿಲ್ಲ. ಸುಬ್ಬುಲಕ್ಷ್ಮಿ ಬೆಂಚಿನ ತುದಿಗೆ ಸರಿದು, ತೊಡೆ ತಟ್ಟಿ, "ಇಲ್ಲಿ ಬನ್ನಿ," ಅಂದರು. ಅರವತ್ತೆರಡರ ಪಾಂಡಿಯಮ್ಮಾಳ್ ಕಾಲು ಮಡಚಿಕೊಂಡು, ಕಿವಿ ಚುಚ್ಚಿಸಿಕೊಳ್ಳುವ ಕೂಸಿನ ಹಾಗೆ, ಸಂಬಂದಿಯ ತೊಡೆಯ ಮೇಲೆ ತಲೆಯಿಟ್ಟಳು. ಸುಬ್ಬುಲಕ್ಷ್ಮಿ ಎರಡೂ ಕೈಯಲ್ಲಿ ಅವಳ ಕೆನ್ನೆ ಹಿಡಿದರು. ಕಲೈಸೆಲ್ವಿ ಸೂಜಿ ಕುದಿಸಿದರಾ, ಡೆಟಾಲ್ ಹಾಕಿದರಾ, ಕೈ ತೊಳೆದರಾ ಎಂದು ಮೂರು ಸಲ ಕೇಳಿದಳು. ಪಿಚ್ಚೈ ನೋಡಲಾರದೆ ಓಣಿಗೆ ಇಳಿದ.

"ಅಲ್ಲಾಡಬೇಡಿ," ಅಂದ ಬಾಲಮುರುಗನ್.

"ಅವ್ವಾ!" ಪಾಂಡಿಯಮ್ಮಾಳ್ ಕೂಗಿದ್ದು ಬೀಗ ರಿಪೇರಿಯವನಿಗೂ ಕೇಳಿಸಿತು. ಪಾಪು ಅಜ್ಜಿಯ ಜೊತೆ ದನಿಗೂಡಿಸಿ ಗಟ್ಟಿಯಾಗಿ ಅತ್ತಿತು.

ಸುಬ್ಬುಲಕ್ಷ್ಮಿ ತಲೆ ಬಿಡಲಿಲ್ಲ. "ಆಯ್ತು, ಆಯ್ತು ಕಣ್ಣೂ, ಆಗೋಯ್ತು," ಎಂದು ಹಣೆ ಸವರುತ್ತಾ, ಹೊರಗೆ ನಿಂತಿದ್ದವನಿಗೆ ಕೂಗಿ ಹೇಳಿದರು: "ಸಂಬಂದೀ, ಟೀ ಅಂಗಡಿಯಿಂದ ಒಂದು ಚಿಟಿಕೆ ಸಕ್ಕರೆ ತನ್ನಿ. ಬಾಯಿಗೆ ಹಾಕಬೇಕು."

ಪಿಚ್ಚೈ ಎರಡೂ ಕೈ ತುಂಬ ಸಕ್ಕರೆ ತಂದ.